ಕೆಸರು ನೆಲದ ಹಿಡಿತ ಸಾಧನಗಳು

ಕೆಸರು, ಸಡಿಲ ಮಣ್ಣು, ಮರಳು ಅಥವಾ ಹಿಮದ ಮೇಲೆ ಓಡುವ ಯಂತ್ರವು ಜಾರದೆ ಮುಂದೆ ಸಾಗಲೆಂದು ಅದರ ಗಾಲಿಗೋ ಚೈನಿಗೋ ಜೋಡಿಸುವ, ಬೆಸುಗೆ ಹಾಕುವ ಅಥವಾ ಅದರ ಮೇಲ್ಮೈಯಲ್ಲೇ ರೂಪಿಸುವ ಭಾಗಗಳಿಗೆ ಹಿಡಿತ ಸಾಧನಗಳು ಎಂದು ಹೆಸರು. ಭತ್ತದ ಗದ್ದೆಯ ಟ್ರ್ಯಾಕ್ಟರಿಗೆ ಹಾಕುವ ಕೇಜ್ ವೀಲ್, ಪವರ್ ಟಿಲ್ಲರಿನ ಕಬ್ಬಿಣದ ಗಾಲಿ, ಕೆರೆಯ ಹೂಳೆತ್ತುವ ಯಂತ್ರದ ಅಗಲವಾದ ಚೈನ್ ಪ್ಲೇಟು, ಮಲೆನಾಡಿನ ಜೀಪಿನ ಚಕ್ರಕ್ಕೆ ಕಟ್ಟುವ ಸರಪಳಿ ಇವು ಕರ್ನಾಟಕದಲ್ಲಿ ಬಳಕೆಯಲ್ಲಿರುವ ಮುಖ್ಯ ಬಗೆಗಳು. ಹಿಮನಾಡುಗಳಲ್ಲಿ ಓಡುವ ಸ್ನೋಮೊಬೈಲ್ ಎಂಬ ಗಾಡಿಯ ರಬ್ಬರ್ ಬೆಲ್ಟಿಗೆ ಹಲ್ಲು, ಮೊಳೆ ಸೇರಿಸುವುದೂ ಇದೇ ವಿದ್ಯೆಯ ಇನ್ನೊಂದು ಕವಲು.

ಪರಿಭಾಷೆ

ನೆಲವು ಯಂತ್ರಕ್ಕೆ ಕೊಡುವ ಮುಂದೊತ್ತನ್ನು ಈ ಲೇಖನದಲ್ಲಿ ಹಿಡಿತ ಎಂದು ಕರೆದಿದೆ. ಗಾಲಿ ಸುತ್ತಿದಷ್ಟು ದೂರ ಗಾಡಿ ಸಾಗದೆ ಉಳಿಯುವ ಕೊರತೆ ಜಾರಿಕೆ. ಗಾಲಿಯ ಸುತ್ತುಗಳ ಲೆಕ್ಕದಲ್ಲಿ 100 ಮೀಟರ್ ಸಾಗಬೇಕಾದ ಟ್ರ್ಯಾಕ್ಟರು 85 ಮೀಟರ್ ಮಾತ್ರ ಸಾಗಿದರೆ ಜಾರಿಕೆ ಶೇ. 15. ನೆಲಕ್ಕೆ ಊರುವ ಎದ್ದುನಿಂತ ಭಾಗ ಹಲ್ಲು. ಟೈರಿನ ಮೇಲಿನ ರಬ್ಬರ್ ಹಲ್ಲನ್ನು ಗ್ಯಾರೇಜುಗಳಲ್ಲಿ ಬಟನ್ ಎನ್ನುತ್ತಾರೆ. ಯಂತ್ರದ ತೂಕವನ್ನು ಅದು ನೆಲ ಮುಟ್ಟುವ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ನೆಲದೊತ್ತಡ. ಉಕ್ಕಿನ ಕೊಂಡಿಗಳನ್ನು ಪೋಣಿಸಿ ಮಾಡಿದ ಸುತ್ತುಹಾದಿಯನ್ನು ಚೈನ್ ಎಂದೂ, ಅಖಂಡ ರಬ್ಬರಿನದನ್ನು ಬೆಲ್ಟ್ ಎಂದೂ, ಟೈರಿನ ಮೇಲೆ ಹೊರಗಿನಿಂದ ಸುತ್ತುವುದನ್ನು ಸರಪಳಿ ಎಂದೂ ಇಲ್ಲಿ ಬೇರೆಬೇರೆಯಾಗಿ ಹೇಳಿದೆ. ಆಡುಮಾತಿನಲ್ಲಿ ಮೂರಕ್ಕೂ ಚೈನ್ ಎಂಬ ಒಂದೇ ಪದ ಓಡುತ್ತದೆ.

ಹಿಡಿತದ ತತ್ವ

ಗಾಲಿ ಮುಂದೆ ಹೋಗಬೇಕಾದರೆ ಅದು ನೆಲವನ್ನು ಹಿಂದಕ್ಕೆ ತಳ್ಳಬೇಕು. ತಳ್ಳಿದಾಗ ಮಣ್ಣು ಕತ್ತರಿಸಿಕೊಂಡು ಸರಿದುಬಿಟ್ಟರೆ ಗಾಲಿ ಇದ್ದಲ್ಲೇ ಸುತ್ತುತ್ತದೆ. ಆದ್ದರಿಂದ ಮಣ್ಣಿನ ಕತ್ತರಿ ಬಲವೇ ಹಿಡಿತದ ಮೇಲ್ಮಿತಿ. ಈ ಬಲಕ್ಕೆ ಎರಡು ಮೂಲಗಳಿವೆ ಎಂದು ಫ್ರಾನ್ಸಿನ ಕೂಲಂಬ್ 1773ರಲ್ಲಿ ತೋರಿಸಿದ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬರುವ ಬಂಧಬಲ ಒಂದು, ಅವು ಒಂದರ ಮೇಲೊಂದು ಉಜ್ಜುವುದರಿಂದ ಬರುವ ಘರ್ಷಣೆ ಇನ್ನೊಂದು. ಬಂಧಬಲದಿಂದ ಸಿಗುವ ಹಿಡಿತ ಗಾಲಿ ನೆಲ ಮುಟ್ಟುವ ವಿಸ್ತೀರ್ಣವನ್ನು ಅವಲಂಬಿಸಿದರೆ, ಘರ್ಷಣೆಯಿಂದ ಸಿಗುವ ಹಿಡಿತ ಯಂತ್ರದ ತೂಕವನ್ನು ಅವಲಂಬಿಸುತ್ತದೆ.

ಹಿಡಿತ ಸಾಧನಗಳ ವಿಷಯದಲ್ಲಿ ತಿಳಿಯಬೇಕಾದ್ದರ ಬಹುಪಾಲು ಈ ಎರಡು ವಾಕ್ಯಗಳೊಳಗೇ ಇದೆ. ಒಣ ಮರಳಿನಲ್ಲಿ ಬಂಧಬಲ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ತೂಕ ಹೆಚ್ಚಿಸಿದರೆ ಹಿಡಿತ ಹೆಚ್ಚುತ್ತದೆ. ನೀರುಂಡು ತಣಿದ ಎರೆ ಮಣ್ಣಿನಲ್ಲಿ ಘರ್ಷಣೆ ಶೂನ್ಯಕ್ಕೆ ಹತ್ತಿರ ಬರುತ್ತದೆ. ಅಲ್ಲಿ ಎಷ್ಟು ಭಾರ ಹೇರಿದರೂ ಹಿಡಿತ ಬೆಳೆಯುವುದಿಲ್ಲ, ಗಾಲಿ ಹೂತುಕೊಳ್ಳುತ್ತದೆ ಅಷ್ಟೆ. ಹೊಲದ ಒಣ ಉಳುಮೆಗೆ ಟೈರಿನೊಳಗೆ ಮುಕ್ಕಾಲು ಭಾಗ ನೀರು ತುಂಬಿಸುವ ಅಥವಾ ಚಕ್ರಕ್ಕೆ ಎರಕದ ಕಬ್ಬಿಣದ ಬಿಲ್ಲೆ ಬಿಗಿಯುವ ಕ್ರಮ ಸರಿಯಾದದ್ದೇ. ಅದೇ ಟ್ರ್ಯಾಕ್ಟರನ್ನು ಅದೇ ಭಾರದೊಂದಿಗೆ ಕೆಸರು ಗದ್ದೆಗೆ ಇಳಿಸುವುದು ತಪ್ಪು. ಕೆಸರಿನಲ್ಲಿ ಬೇಕಾದದ್ದು ಅಗಲ, ಆಳದ ಗಟ್ಟಿ ಪದರವನ್ನು ಮುಟ್ಟುವ ಹಲ್ಲು, ಮತ್ತು ಹಲ್ಲುಗಳ ನಡುವೆ ಮಣ್ಣು ಕಚ್ಚಿಕೊಳ್ಳದಂತಹ ತೆರವು.

ಕೊನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಎರೆ ಮಣ್ಣು ಟೈರಿನ ಬಟನ್‌ಗಳ ಸಂದಿಯಲ್ಲಿ ತುಂಬಿ ಒತ್ತಿಕೊಂಡ ಮೇಲೆ ಹೊಸ ಟೈರೂ ಸವೆದ ಟೈರಿನಂತೆ ನುಣ್ಣಗಾಗುತ್ತದೆ. ಹಲ್ಲುಗಳನ್ನು ಒತ್ತೊತ್ತಾಗಿ ಇಟ್ಟರೆ ಎರಡು ಹಲ್ಲುಗಳ ನಡುವಿನ ಮಣ್ಣಿನ ಗಡ್ಡೆಗೆ ತಾನೇ ನಿಲ್ಲುವ ಶಕ್ತಿ ಉಳಿಯುವುದಿಲ್ಲ. ತೀರಾ ವಿರಳವಾಗಿಟ್ಟರೆ ಗಾಲಿ ಕುಪ್ಪಳಿಸುತ್ತದೆ. ಹಲ್ಲಿನ ಎತ್ತರ, ಓರೆ, ಅಂತರ ಮೂರನ್ನೂ ಮಣ್ಣಿಗೆ ತಕ್ಕಂತೆ ಹೊಂದಿಸುವುದರಲ್ಲಿ ಇಡೀ ಕಸುಬಿನ ಜಾಣ್ಮೆ ಅಡಗಿದೆ.

ಯಂತ್ರಕ್ಕೂ ನೆಲಕ್ಕೂ ಇರುವ ಈ ಸಂಬಂಧವನ್ನು ಪ್ರತ್ಯೇಕ ಶಾಸ್ತ್ರವಾಗಿ ಕಟ್ಟಿದವನು ಪೋಲೆಂಡಿನಲ್ಲಿ ಹುಟ್ಟಿದ ಎಂಜಿನಿಯರ್ ಮೆಚಿಸ್ವಾಫ್ ಬೆಕ್ಕರ್. ನೆಲದ ಮೇಲಿನ ಚಲನೆಯ ಸಿದ್ಧಾಂತವನ್ನು ಕುರಿತ ಅವನ ಗ್ರಂಥ 1956ರಲ್ಲಿ ಹೊರಬಂತು. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ಗಾಡಿಯ ವಿನ್ಯಾಸದಲ್ಲೂ ಅವನ ಪಾತ್ರವಿತ್ತು. ಆ ಗಾಡಿಯ ಚಕ್ರಗಳು ಉಕ್ಕಿನ ತಂತಿಯ ಹೆಣಿಗೆಯವು. ಅವುಗಳ ಮೇಲೆ ಟೈಟೇನಿಯಂ ಪಟ್ಟಿಗಳನ್ನು ಬಾಣದ ಮೊನೆಯ ಆಕಾರದಲ್ಲಿ ಜೋಡಿಸಲಾಗಿತ್ತು.

ಉಗಮ

ಯಂತ್ರಗಳು ಬರುವ ಮೊದಲು ಗದ್ದೆಯ ಕೆಲಸ ನಡೆಯುತ್ತಿದ್ದುದು ಕೋಣ ಮತ್ತು ಎತ್ತುಗಳಿಂದ. ಸೀಳು ಗೊರಸು ಊರಿದಾಗ ಅಗಲವಾಗಿ ಬಿಚ್ಚಿಕೊಳ್ಳುತ್ತದೆ, ಎತ್ತುವಾಗ ಕೂಡಿಕೊಂಡು ಕೆಸರನ್ನು ಬಿಡಿಸಿಕೊಳ್ಳುತ್ತದೆ. ಕರಾವಳಿಯ ಆಳ ಕೆಸರಿನ ಗದ್ದೆಗಳಲ್ಲಿ ಅಗಲ ಗೊರಸಿನ ಕೋಣಗಳಿಗೆ ಎತ್ತಿಗಿಂತ ಹೆಚ್ಚು ಬೆಲೆ ಇದ್ದುದಕ್ಕೆ ಇದೂ ಒಂದು ಕಾರಣ.

ಮೊದಲ ತಲೆಮಾರಿನ ಟ್ರ್ಯಾಕ್ಟರುಗಳ ಗಾಲಿಗಳು ಪೂರ್ತಿ ಕಬ್ಬಿಣದವು, ಸುತ್ತಲೂ ಗುದ್ದಲಿಯ ಅಲಗಿನಂತಹ ಹಲ್ಲುಗಳನ್ನು ಬಿಗಿದವು. ಅಮೆರಿಕದಲ್ಲಿ 1932ರಲ್ಲಿ ಅಲಿಸ್ ಚಾಮರ್ಸ್ ಕಂಪನಿ ಗಾಳಿ ತುಂಬಿದ ರಬ್ಬರ್ ಟೈರಿನ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದ ಮೇಲೆ ಕಬ್ಬಿಣದ ಗಾಲಿ ಒಣ ಹೊಲಗಳಿಂದ ಮರೆಯಾಯಿತು. ಭತ್ತದ ನಾಡುಗಳಲ್ಲಿ ಮಾತ್ರ ಅದು ಕೇಜ್ ವೀಲಿನ ರೂಪದಲ್ಲಿ ಉಳಿದುಕೊಂಡಿತು.

ಚೈನಿನ ಇತಿಹಾಸ ಹಿಮ ಮತ್ತು ಕೆಸರು ಎರಡರಲ್ಲೂ ಒಟ್ಟೊಟ್ಟಿಗೆ ಸಾಗಿ ಬಂದಿದೆ. ಅಮೆರಿಕದ ಮೇನ್ ರಾಜ್ಯದ ಆಲ್ವಿನ್ ಲೊಂಬಾರ್ಡ್ 1901ರಲ್ಲಿ ಹಿಮದ ಹಾದಿಯಲ್ಲಿ ಮರದ ದಿಮ್ಮಿ ಎಳೆಯುವ ಚೈನ್ ಯಂತ್ರಕ್ಕೆ ಪೇಟೆಂಟ್ ಪಡೆದ. ಕ್ಯಾಲಿಫೋರ್ನಿಯಾದ ಬೆಂಜಮಿನ್ ಹೋಲ್ಟ್ 1904ರಲ್ಲಿ ನದೀಮುಖದ ಜೌಗು ಜಮೀನಿನಲ್ಲಿ ಚಕ್ರದ ಬದಲು ಚೈನ್ ಹಾಕಿದ ಉಗಿಯಂತ್ರವನ್ನು ಪರೀಕ್ಷಿಸಿದ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಹಲ್ಲುಗಾಲಿಯಿಂದ ಓಡುವ ಹಿಮಬೆಲ್ಟಿಗೆ 1937ರಲ್ಲಿ ಪೇಟೆಂಟ್ ಪಡೆದ. 1959ರಲ್ಲಿ ಅವನ ಕಂಪನಿಯ ಹಗುರ ಸ್ಕೀ ಡೂ ಗಾಡಿ ಬಂತು. ಇಂದಿನ ಸ್ನೋಮೊಬೈಲುಗಳ ಮಾದರಿ ನೆಲೆಗೊಂಡದ್ದು ಅದರಿಂದ.

ಕರ್ನಾಟಕದಲ್ಲಿ ಯಂತ್ರಗಳು ಗದ್ದೆಗೆ ಇಳಿಯಲು ನೀರಾವರಿ ಮತ್ತು ಪವರ್ ಟಿಲ್ಲರ್ ಎರಡೂ ದಾರಿ ಮಾಡಿದವು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು ಗಂಗಾವತಿ, ಸಿಂಧನೂರು, ಸಿರುಗುಪ್ಪದ ಎರೆಭೂಮಿಗೆ ನೀರು ಹರಿದಾಗ ಬಯಲುಗಟ್ಟಲೆ ಭತ್ತ ಬಂತು. ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದೊಡನೆ ಆರಂಭವಾದ ವಿ.ಎಸ್.ಟಿ. ಕಂಪನಿಯ ಪವರ್ ಟಿಲ್ಲರುಗಳು ಸಣ್ಣ ಗದ್ದೆಗಳಿಗೆ ಹೊಂದಿದವು. ಟೈರು ಬಿಚ್ಚಿ ಕಬ್ಬಿಣದ ಗಾಲಿ ಹಾಕಿದರೆ ಕೆಸರಿಗೆ, ಮತ್ತೆ ಟೈರು ಹಾಕಿದರೆ ದಾರಿಗೆ ಎಂಬ ಅನುಕೂಲ ಅವುಗಳಲ್ಲಿ ಮೊದಲಿನಿಂದಲೂ ಇತ್ತು.

ಕೇಜ್ ವೀಲ್

ಎರಡು ಅಥವಾ ಮೂರು ಕಬ್ಬಿಣದ ಬಳೆಗಳನ್ನು ಅಕ್ಕಪಕ್ಕ ನಿಲ್ಲಿಸಿ, ಅವುಗಳ ಸುತ್ತ ಆಂಗಲ್ ಅಥವಾ ಪಟ್ಟಿ ಕಬ್ಬಿಣದ ಅಡ್ಡಹಲ್ಲುಗಳನ್ನು ಬೆಸುಗೆ ಹಾಕಿದ ಪಂಜರದಂತಹ ಗಾಲಿಯೇ ಕೇಜ್ ವೀಲ್. ನಡುವೆ ತೆರೆದಿರುವುದರಿಂದ ಕೆಸರು ಒಳಗೆ ಹೊಕ್ಕು ಇನ್ನೊಂದು ಬದಿಯಿಂದ ಉದುರುತ್ತದೆ. ಟೈರಿನ ಬಟನ್ ಮುಚ್ಚಿಹೋಗುವ ತೊಂದರೆಗೆ ಇದಕ್ಕಿಂತ ಸರಳ ಪರಿಹಾರ ಇನ್ನೂ ಬಂದಿಲ್ಲ.

ಅರ್ಧ ಕೇಜ್ ವೀಲನ್ನು ಹಿಂದಿನ ಟೈರಿನ ಪಕ್ಕಕ್ಕೆ ಬೋಲ್ಟಿನಿಂದ ಬಿಗಿಯುತ್ತಾರೆ. ಅದರ ವ್ಯಾಸ ಟೈರಿಗಿಂತ ತುಸು ಚಿಕ್ಕದಿದ್ದರೆ ಗಟ್ಟಿ ನೆಲದಲ್ಲಿ ಟೈರೇ ಭಾರ ಹೊರುತ್ತದೆ, ಕೆಸರಿನಲ್ಲಿ ಟೈರು ಇಳಿದಾಗ ಮಾತ್ರ ಹಲ್ಲುಗಳು ಕೆಲಸಕ್ಕೆ ಬರುತ್ತವೆ. ಪೂರ್ಣ ಕೇಜ್ ವೀಲ್ ಹಾಕುವಾಗ ಟೈರನ್ನು ಪೂರ್ತಿ ತೆಗೆದು ಅದರ ಜಾಗದಲ್ಲಿ ಇದನ್ನು ಕೂರಿಸುತ್ತಾರೆ; ಆಳ ಕೆಸರಿಗೆ ಇದೇ ಸೂಕ್ತ. ಇವುಗಳಲ್ಲಿ ಬಹಳಷ್ಟು ತಯಾರಾಗುವುದು ಊರಿನ ವೆಲ್ಡಿಂಗ್ ಶಾಪುಗಳಲ್ಲಿ, ಆಯಾ ಸೀಮೆಯ ಮಣ್ಣು ಬಲ್ಲವರ ಕೈಯಲ್ಲಿ.

ಕೇಜ್ ವೀಲ್ ಎಳೆಯುವುದರ ಜೊತೆಗೆ ಗದ್ದೆಯನ್ನು ಕಲಸುತ್ತದೆ. ದಾವಣಗೆರೆ ಸೀಮೆಯಲ್ಲಿ ರೊಳ್ಳೆ ಹೊಡೆಯುವುದು ಎನ್ನುವ ಈ ಕೆಲಸದಲ್ಲಿ ನಿಂತ ನೀರಿನೊಡನೆ ಮಣ್ಣು ನುಣ್ಣಗೆ ಕಲೆತು, ಕಳೆ ಮತ್ತು ಹಳೆಯ ಕೂಳೆ ಕೆಳಗೆ ಹೂತುಹೋಗುತ್ತವೆ. ನೀರು ಇಂಗುವುದು ಕಡಿಮೆಯಾಗುತ್ತದೆ. ನಾಟಿಯ ಸಸಿಗೆ ಮೆತ್ತನೆಯ ಹಾಸು ಸಿಗುತ್ತದೆ. ಉಳುಮೆಯ ಆಳದ ಕೆಳಗೆ ವರ್ಷವರ್ಷದ ಓಡಾಟದಿಂದ ಉಂಟಾದ ಗಟ್ಟಿ ಪದರವೇ ಗಾಲಿಗೆ ಆಧಾರ. ಹೊಸದಾಗಿ ಗದ್ದೆಯಾದ ಜಮೀನಿನಲ್ಲಿ ಆ ಪದರ ಇರುವುದಿಲ್ಲವಾದ್ದರಿಂದ ಟ್ರ್ಯಾಕ್ಟರು ಅಚ್ಚಿನವರೆಗೂ ಹೂತುಕೊಳ್ಳುವ ಸಂಭವ ಅಲ್ಲಿ ಹೆಚ್ಚು.

ಇತರ ಬಗೆಗಳು

ಟ್ರ್ಯಾಕ್ಟರ್ ಟೈರುಗಳನ್ನು ಬಟನ್ನಿನ ಆಳದ ಮೇಲೆ ಸಂಕೇತಾಕ್ಷರಗಳಿಂದ ವಿಂಗಡಿಸುತ್ತಾರೆ. ಆರ್-1 ಸಾಮಾನ್ಯ ಹೊಲಕ್ಕೆ. ಆರ್-2 ಭತ್ತ ಮತ್ತು ಕಬ್ಬಿನ ಹಸಿ ನೆಲಕ್ಕೆ, ಇದರ ಬಟನ್ ಆರ್-1ರದಕ್ಕಿಂತ ಸುಮಾರು ಎರಡು ಪಟ್ಟು ಆಳ. ಆಳದ ಬಟನ್ ಡಾಂಬರಿನ ಮೇಲೆ ಬೇಗ ಸವೆಯುವುದರಿಂದ ಟ್ರೈಲರ್ ಕೆಲಸವೇ ಹೆಚ್ಚಿರುವ ಕಡೆ ಆರ್-2 ನಷ್ಟದ ಬಾಬತ್ತು.

ಮಲೆನಾಡು ಮತ್ತು ಕೊಡಗಿನ ತೋಟದ ದಾರಿಗಳಲ್ಲಿ ಮಳೆಗಾಲದ ಜೀಪುಗಳು ಹಿಂದಿನ ಚಕ್ರಗಳಿಗೆ ಸರಪಳಿ ಕಟ್ಟಿಕೊಂಡು ಓಡುತ್ತವೆ. ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಜಂಬಿಟ್ಟಿಗೆಯ ಏರುದಾರಿಯ ಮೇಲೆ ಜಿಡ್ಡಿನಂತಹ ತೆಳುಪದರ ನಿಲ್ಲುತ್ತದೆ. ಇಲ್ಲಿನ ತೊಡಕು ಗದ್ದೆಯದಕ್ಕಿಂತ ಬೇರೆ. ತಳ ಗಟ್ಟಿಯೇ ಇದೆ, ಮೇಲಿನ ಪದರ ಮಾತ್ರ ಜಾರುತ್ತದೆ. ಸರಪಳಿಯ ಕೊಂಡಿಗಳು ಆ ಪದರವನ್ನು ಸೀಳಿ ತಳವನ್ನು ಕಚ್ಚುತ್ತವೆ. ಹಿಮದ ನಾಡಿನಲ್ಲಿ ಮಂಜುಗಡ್ಡೆಯ ಮೇಲೆ ಸರಪಳಿ ಮಾಡುವ ಕೆಲಸವೂ ಇದೇ.

ಭತ್ತದ ಕಟಾವು ಯಂತ್ರಗಳಲ್ಲಿ ಟೈರಿನವು ಮತ್ತು ಬೆಲ್ಟಿನವು ಎಂಬ ಎರಡು ಜಾತಿ. ಗದ್ದೆ ಒಣಗದೆ ಕೊಯ್ಲಿಗೆ ಬಂದಾಗ ಟೈರಿನ ಯಂತ್ರ ಒಳಗೆ ಇಳಿಯಲಾರದು. ಕರಾವಳಿಯ ಮತ್ತು ಮಲೆನಾಡಿನ ಸಣ್ಣ ಗದ್ದೆಗಳಲ್ಲಿ ಬೆಲ್ಟಿನ ಯಂತ್ರಗಳಿಗೆ ಬೇಡಿಕೆ ಇರುವುದು ಇದರಿಂದ. ನಾಟಿ ಯಂತ್ರಗಳ ಗಾಲಿ ಮತ್ತೂ ಬೇರೆ. ತೆಳುವಾದ ಉಕ್ಕಿನ ಬಳೆಗೆ ಹಲ್ಲುಗಳನ್ನು ಜೋಡಿಸಿರುತ್ತಾರೆ. ಅದು ಕೆಸರನ್ನು ಸೀಳಿ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ, ಯಂತ್ರದ ಉಳಿದ ಭಾರವನ್ನು ಅಗಲವಾದ ತೇಲುಹಲಗೆ ಹೊರುತ್ತದೆ.

ಚೈನ್ ಮತ್ತು ಕೆರೆಯ ಹೂಳು

ಅಗೆಯುವ ಯಂತ್ರಕ್ಕೆ ಕನ್ನಡನಾಡಿನಲ್ಲಿ ಹಿಟಾಚಿ ಎಂಬ ಹೆಸರೇ ನಿಂತಿದೆ. ಟಾಟಾ ಹಿಟಾಚಿಯ ಒಂದು ಕಾರ್ಖಾನೆ ಧಾರವಾಡದಲ್ಲೇ ಇದೆ. ಚೈನಿನ ಬುಲ್ಡೋಜರುಗಳನ್ನು 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಸಂಸ್ಥೆ ಕೋಲಾರ ಚಿನ್ನದ ಗಣಿ ಪಟ್ಟಣದ ಘಟಕದಲ್ಲಿ ತಯಾರಿಸುತ್ತದೆ. ಎರಡರ ಚೈನ್ ಪ್ಲೇಟುಗಳೂ ಒಂದೇ ಬಗೆಯವಲ್ಲ. ಬುಲ್ಡೋಜರ್ ಇಡೀ ಮೈಯಿಂದ ಮಣ್ಣನ್ನು ತಳ್ಳಬೇಕಾದ್ದರಿಂದ ಅದರ ಒಂದೊಂದು ಪ್ಲೇಟಿನ ಮೇಲೂ ಎತ್ತರದ ಒಂದೇ ಒಂದು ಹಲ್ಲು. ಹಿಟಾಚಿ ನಿಂತಲ್ಲಿಂದಲೇ ತೋಳು ಚಾಚಿ ಅಗೆಯುತ್ತದೆ, ಆಗಾಗ ತಿರುಗುತ್ತದೆ. ಅದರ ಪ್ಲೇಟಿನ ಮೇಲೆ ಮೂರು ಗಿಡ್ಡ ಹಲ್ಲುಗಳು. ಜೌಗಿನ ಕೆಲಸಕ್ಕೆ ತ್ರಿಕೋನಾಕಾರದ ದಪ್ಪ ಪ್ಲೇಟುಗಳೂ ಇವೆ.

20 ಟನ್ ತೂಕದ ಯಂತ್ರದ ಒಂದೊಂದು ಚೈನು 3.6 ಮೀಟರ್ ಉದ್ದಕ್ಕೆ ನೆಲ ಮುಟ್ಟುತ್ತದೆ ಎಂದುಕೊಂಡರೆ, 600 ಮಿಲಿಮೀಟರ್ ಅಗಲದ ಪ್ಲೇಟಿನಲ್ಲಿ ನೆಲದೊತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.46 ಕಿಲೊ. ಪ್ಲೇಟನ್ನು 800 ಮಿಲಿಮೀಟರಿಗೆ ಅಗಲಿಸಿದರೆ ಅದು 0.35ಕ್ಕೆ ಇಳಿಯುತ್ತದೆ. 70 ಕಿಲೊ ತೂಕದ ಮನುಷ್ಯ ನಡೆಯುವಾಗ ಒಂದು ಪಾದದ ಮೇಲೆ ಬೀಳುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. 20 ಟನ್ನಿನ ಯಂತ್ರ ಮನುಷ್ಯ ನಡೆಯಬಲ್ಲ ಹೂಳಿನ ಮೇಲೆ ನಿಲ್ಲುವುದು ಈ ಅಗಲದ ಬಲದಿಂದ.

ನಗರದ ಕೆರೆಗಳಿಗೆ ಒಂದು ಉದಾಹರಣೆ ನೋಡಬಹುದು. ದಕ್ಷಿಣ ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದಲ್ಲಿರುವ ಪುಟ್ಟೇನಹಳ್ಳಿ ಕೆರೆ ಸುಮಾರು 13 ಎಕರೆಯದು; ಯಲಹಂಕದ ಬಳಿಯ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾದ ಪುಟ್ಟೇನಹಳ್ಳಿ ಕೆರೆ ಬೇರೆ. ಜೆ.ಪಿ. ನಗರದ ಈ ಕೆರೆಯನ್ನು 2010ರ ಹೊತ್ತಿಗೆ ಆಗಿನ ಬಿಬಿಎಂಪಿ ಪುನಶ್ಚೇತನಗೊಳಿಸಿತು. 2011ರಿಂದ ಅದರ ನಿಗಾ ನಿವಾಸಿಗಳ ಟ್ರಸ್ಟಿನದು. ಇಂತಹ ನಗರದ ಕೆರೆಗಳ ಹೂಳಿನಲ್ಲಿ ಕೊಳಚೆಯ ಕೊಳೆತ ಪದರ, ಕಟ್ಟಡದ ಅವಶೇಷ, ಜೇಡಿ ಎಲ್ಲವೂ ಬೆರೆತಿರುತ್ತವೆ. ಮೇಲೆ ಒಣಗಿದ ಹೆಪ್ಪು, ಒಳಗೆ ಗಂಜಿಯಂತಹ ಮಣ್ಣು. ಹೆಪ್ಪು ಒಡೆದರೆ ಯಂತ್ರ ಒಂದೇ ಬದಿಗೆ ವಾಲುತ್ತದೆ. ಆದ್ದರಿಂದ ಮೊದಲು ನೀರು ಬಸಿದು ಒಣಗಲು ಬಿಡುವುದು, ದಂಡೆಯಿಂದ ಒಳಕ್ಕೆ ಗರಸು ಹಾಕಿ ದಾರಿ ಮಾಡಿಕೊಳ್ಳುವುದು, ಮೆತ್ತನೆಯ ಜಾಗದಲ್ಲಿ ದಿಮ್ಮಿ ಅಥವಾ ಉಕ್ಕಿನ ತಗಡು ಹಾಸಿ ಅದರ ಮೇಲೆ ಚೈನ್ ನಿಲ್ಲಿಸುವುದು ವಾಡಿಕೆ. ನಿಂತಲ್ಲೇ ಗಿರಕಿ ಹೊಡೆದರೆ ಚೈನ್ ಮಣ್ಣನ್ನು ಅಗೆದುಕೊಂಡು ಇಳಿಯುವುದರಿಂದ ಅನುಭವಿ ಚಾಲಕರು ಅಗಲ ಬಾಗಿನಲ್ಲಿ ತಿರುಗಿಸುತ್ತಾರೆ. ನೀರು ಬಸಿಯಲಾಗದ ಕೆರೆಗಳಿಗೆ ಪೊಳ್ಳು ಪೆಟ್ಟಿಗೆಗಳ ಸುತ್ತ ಚೈನ್ ಓಡುವ ತೇಲುಯಂತ್ರಗಳು ಬಂದಿವೆ.

ಹಿಮದ ಬೆಲ್ಟ್

ಸ್ನೋಮೊಬೈಲಿನ ಬೆಲ್ಟ್ ರಬ್ಬರಿನದು. ಒಳಗೆ ಬಟ್ಟೆಯ ಪದರ, ಅಡ್ಡಕ್ಕೆ ಗಾಜಿನ ನಾರಿನ ಕಡ್ಡಿ. ಗಾಡಿಯೂ ಸವಾರನೂ ಸೇರಿ ನೆಲದೊತ್ತಡ ಚದರ ಸೆಂಟಿಮೀಟರಿಗೆ 0.1 ಕಿಲೊಗಿಂತ ಕಡಿಮೆ. ಹಾಗಾಗಿ ಮೆತ್ತನೆಯ ಹಿಮದಲ್ಲಿ ಅದು ತೇಲಿದಂತೆ ಸಾಗುತ್ತದೆ. ಒತ್ತಿದ ಹಿಮದ ಹಾದಿಗೆ 25ರಿಂದ 32 ಮಿಲಿಮೀಟರ್ ಹಲ್ಲು ಸಾಕು. ಬೆಟ್ಟದ ಪುಡಿಹಿಮಕ್ಕೆ 75 ಮಿಲಿಮೀಟರಿನ ಹಲ್ಲೂ, ಉದ್ದವಾದ ಬೆಲ್ಟೂ ಬೇಕಾಗುತ್ತವೆ. ಮಂಜುಗಡ್ಡೆಗೆ ರಬ್ಬರ್ ಹಲ್ಲು ನಾಟುವುದೇ ಇಲ್ಲ. ಬೆಲ್ಟಿಗೆ ರಂಧ್ರ ಕೊರೆದು ಕಾರ್ಬೈಡ್ ತುದಿಯ ಮೊಳೆಗಳನ್ನು ಒಳಬದಿಯಿಂದ ತೂರಿಸಿ, ಹೊರಗೆ ಬಿಲ್ಲೆ ಇಟ್ಟು ನಟ್ಟಿನಿಂದ ಬಿಗಿಯುತ್ತಾರೆ. ಮೊಳೆಯ ತುದಿ ಹಲ್ಲಿಗಿಂತ 6ರಿಂದ 10 ಮಿಲಿಮೀಟರ್ ಹೊರಗಿರಬೇಕು. 96 ಅಥವಾ 144 ಮೊಳೆಗಳ ಜೋಡಣೆ ಸಾಮಾನ್ಯ.

ಬೆಲ್ಟ್ ಬದಲಿಸುವವರು ಹಲ್ಲಿನ ಎತ್ತರವೊಂದನ್ನೇ ನೋಡಿದರೆ ಸಾಲದು. ಬೆಲ್ಟಿನ ಮೇಲಿನ ಲೋಹದ ಗೂಡಿಗೆ ಹಲ್ಲು ತಾಗದಷ್ಟು ಸಂದು ಉಳಿಯಬೇಕು, ಓಡಿಸುವ ಹಲ್ಲುಗಾಲಿಯ ಅಂತರ ಬೆಲ್ಟಿನ ಅಂತರಕ್ಕೆ ಕೂಡಬೇಕು. ಮೊಳೆ ಹಾಕಿದ ಮೇಲೆ ಗೂಡಿನೊಳಗೆ ರಕ್ಷಾಪಟ್ಟಿ ಕಡ್ಡಾಯ. ಹಿಂದೆ ಹಿಡಿತ ಹೆಚ್ಚಿದಷ್ಟೂ ಗಾಡಿ ತಿರುವಿನಲ್ಲಿ ನೇರಕ್ಕೆ ಜಾರುವುದರಿಂದ ಮುಂದಿನ ಸ್ಕೀಗಳ, ಅಂದರೆ ಜಾರುಹಲಗೆಗಳ, ಅಡಿಯ ಕಬ್ಬಿಣದ ಪಟ್ಟಿಯನ್ನೂ ಅದಕ್ಕೆ ತಕ್ಕಂತೆ ಹರಿತಗೊಳಿಸಬೇಕಾಗುತ್ತದೆ. ಭಾರತದಲ್ಲಿ ಈ ಗಾಡಿಗಳು ಗುಲ್ಮಾರ್ಗದ ಪ್ರವಾಸಿಗರ ಸವಾರಿಗೂ, ಸಿಯಾಚಿನ್ ಕಡೆಯ ಸೇನೆಯ ಕೆಲಸಕ್ಕೂ ಬಳಕೆಯಲ್ಲಿವೆ.

ಹಾನಿ ಮತ್ತು ಅಪಾಯ

ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರನ್ನು ಡಾಂಬರು ರಸ್ತೆಗೆ ತಂದರೆ ಇಡೀ ಭಾರ ಒಂದೆರಡು ಹಲ್ಲುಗಳ ಅಂಚಿನ ಮೇಲೆ ಬಿದ್ದು ರಸ್ತೆ ಕಿತ್ತುಹೋಗುತ್ತದೆ. ಭದ್ರಾ ಮತ್ತು ತುಂಗಭದ್ರಾ ಅಚ್ಚುಕಟ್ಟಿನ ಜಿಲ್ಲೆಗಳ ಆಡಳಿತ ನಾಟಿಯ ಕಾಲದಲ್ಲಿ ಇದನ್ನು ನಿಷೇಧಿಸಿ ದಂಡದ ಎಚ್ಚರಿಕೆ ಕೊಡುವುದು ಇದಕ್ಕಾಗಿಯೇ. ಗಾಲಿಗಳನ್ನು ಟ್ರೈಲರಿನಲ್ಲಿ ಒಯ್ದು ಗದ್ದೆಯ ಬದಿಯಲ್ಲಿ ಜೋಡಿಸುವುದು ಸರಿಯಾದ ಕ್ರಮ. ಗಾಲಿ ಬದಲಿಸಲು ಹಿಡಿಯುವ ಹೊತ್ತು, ಜ್ಯಾಕ್ ನಿಲ್ಲದ ಹಸಿ ಬದು ಇವೆರಡೂ ರೈತರ ನಿಜವಾದ ಅಡಚಣೆಗಳು. ಅವನ್ನು ಬಗೆಹರಿಸದೆ ದಂಡವೊಂದರಿಂದ ರಸ್ತೆ ಉಳಿಯುವುದು ಕಷ್ಟ.

ಮನುಷ್ಯಜೀವಕ್ಕೆ ಎರವಾಗುವ ಅಪಾಯ ಇನ್ನೊಂದು. ಹಿಂದಿನ ಗಾಲಿ ಕೆಸರಿನಲ್ಲಿ ಕಚ್ಚಿ ನಿಂತಾಗ ಎಂಜಿನ್ನಿನ ಬಲ ಗಾಲಿಯನ್ನು ತಿರುಗಿಸಲಾಗದೆ ಟ್ರ್ಯಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ಮೇಲಕ್ಕೆತ್ತುತ್ತದೆ. ಮೂತಿ ಎದ್ದು ಹಿಂದಕ್ಕೆ ಮಗುಚಿಕೊಳ್ಳಲು ಒಂದೆರಡು ಸೆಕೆಂಡು ಸಾಕು. ಹೂತ ಗಾಲಿಗೆ ಅಡ್ಡಲಾಗಿ ದಿಮ್ಮಿ ಕಟ್ಟಿ ಮುಂದಿನ ಗೇರಿನಲ್ಲಿ ಎಬ್ಬಿಸುವ ಪ್ರಯತ್ನ ಎಲ್ಲಕ್ಕಿಂತ ಅಪಾಯಕರ. ಹಿಂದಿನ ಗೇರಿನಲ್ಲಿ ನಿಧಾನಕ್ಕೆ ಹೊರಬರುವುದು, ಇಲ್ಲವೆ ಮತ್ತೊಂದು ಟ್ರ್ಯಾಕ್ಟರಿನಿಂದ ತಗ್ಗಿನ ಕೊಂಡಿಗೆ ಹಗ್ಗ ಕಟ್ಟಿ ಎಳೆಸುವುದು ಸುರಕ್ಷಿತ. ಮಗುಚಿದರೂ ಚಾಲಕನಿಗೆ ಜಾಗ ಉಳಿಸುವ ಉಕ್ಕಿನ ಚೌಕಟ್ಟು ಗದ್ದೆಯ ಟ್ರ್ಯಾಕ್ಟರುಗಳಲ್ಲಿ ಇರಲೇಬೇಕಾದ ಭಾಗ.

ಇಂದಿನ ಸ್ಥಿತಿ

ರೋಟವೇಟರ್ ಎಂಬ ತಿರುಗು ಅಲಗಿನ ಉಪಕರಣ ಬಂದ ಮೇಲೆ ಗದ್ದೆಯಲ್ಲಿ ಎಳೆತದ ಅಗತ್ಯವೇ ತಗ್ಗಿದೆ. ಅದರ ಅಲಗುಗಳು ಗಾಲಿಯ ದಿಕ್ಕಿನಲ್ಲೇ ತಿರುಗುತ್ತ ಮಣ್ಣನ್ನು ಹಿಂದಕ್ಕೆ ಎಸೆಯುವುದರಿಂದ ಟ್ರ್ಯಾಕ್ಟರನ್ನು ತಾವೇ ಮುಂದಕ್ಕೆ ತಳ್ಳುತ್ತವೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಹಗುರ ಟ್ರ್ಯಾಕ್ಟರುಗಳೂ ಹೆಚ್ಚಿವೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರಿನ ಕೊರತೆಯಿಂದಾಗಿ ಒಣ ನೆಲಕ್ಕೆ ಕೂರಿಗೆಯಿಂದ ಭತ್ತ ಬಿತ್ತುವ ಪದ್ಧತಿಯನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಪ್ರಚಾರಕ್ಕೆ ತಂದಿದೆ. ಅಲ್ಲಿ ರೊಳ್ಳೆ ಹೊಡೆಯುವುದೂ ಇಲ್ಲ, ಕೇಜ್ ವೀಲೂ ಬೇಕಿಲ್ಲ. ನಾಟಿಯ ಗದ್ದೆಗಳಲ್ಲಿ ಮಾತ್ರ ಅದರ ಬಳಕೆ ಮುಂದುವರಿದಿದೆ.

ಇದೇ ಶಾಸ್ತ್ರದ ಮತ್ತೊಂದು ತುದಿಯ ಕೆಲಸವೂ ಬೆಂಗಳೂರಿನಲ್ಲಿ ನಡೆದಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರೊಂದಿಗೆ ಚಂದ್ರನ ಮೇಲೆ ಇಳಿದ, 26 ಕಿಲೊ ತೂಕದ ಪ್ರಜ್ಞಾನ್ ಗಾಡಿಗೆ ಆರು ಲೋಹದ ಗಾಲಿಗಳಿದ್ದವು. ಚಂದ್ರನ ನಯವಾದ ಧೂಳಿಗೆ ಸಮನಾದ ಮಣ್ಣನ್ನು ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಕಲ್ಲನ್ನು ಪುಡಿಮಾಡಿ ತಯಾರಿಸಿ, ಅದರ ಮೇಲೆ ಇಸ್ರೊ ಪರೀಕ್ಷೆ ನಡೆಸಿತ್ತು. ಚಂದ್ರನ ಮೇಲೆ ಗುರುತ್ವ ಭೂಮಿಯ ಆರನೇ ಒಂದು ಭಾಗ ಮಾತ್ರವಾದ್ದರಿಂದ ಗಾಲಿಗೆ ತೂಕದ ನೆರವು ಅಷ್ಟಕ್ಕಷ್ಟೆ. ಆ ಗಾಡಿ ಅಲ್ಲಿ ಸುಮಾರು 100 ಮೀಟರ್ ದೂರ ಸಾಗಿತು.